ತಾಯಂದಿರು ಬಚ್ಚಿಡುವ ಒಂದು ತೊಂದರೆ

ಭಾನುವಾರದ ಬಲಿಪೂಜೆಯಲ್ಲಿ ಕೆಲವು ತಾಯಂದಿರು ಯಾವಾಗಲೂ ಬಾಗಿಲ ಬಳಿಯ ಬೆಂಚನ್ನೇ ಆರಿಸಿಕೊಳ್ಳುತ್ತಾರೆ. ಯಾತ್ರೆಯ ಬಸ್ಸು ಹೊರಡುವುದೆಂದರೆ ಏನಾದರೊಂದು ನೆವ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಅವರ ಭಕ್ತಿ ಕುಂದಿತೆಂದು ತೀರ್ಮಾನಿಸುವ ಮೊದಲು, ಬೇರೊಂದು ಕಾರಣವೂ ಇರಬಹುದೆಂದು ನಾವು ಯೋಚಿಸಬೇಕು. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ತುಂಬಿದ ಕೊಡ ಎತ್ತಿದಾಗ ತಡೆಯಲಾಗದೆ ಮೂತ್ರ ಸೋರುವ ತೊಂದರೆ, ಹೆರಿಗೆಯಾದ ಮತ್ತು ಮುಟ್ಟು ನಿಂತ ಎಷ್ಟೋ ಸ್ತ್ರೀಯರಿಗಿದೆ. ಗಂಡನಿಗೂ ಹೇಳದೆ ಅವರು ಅದನ್ನು ವರ್ಷಗಟ್ಟಲೆ ಸಹಿಸುತ್ತಾರೆ.

"ವಯಸ್ಸಾಯಿತಲ್ಲ, ಇದೆಲ್ಲ ಸಹಜ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಹಲವರಲ್ಲಿ ಕಂಡುಬರುವುದೆಲ್ಲ ಸಹಜವೆಂಬ ತರ್ಕವನ್ನು ನಾವು ಒಪ್ಪಲಾರೆವು. ಹಲ್ಲು ಹುಳುಕಾಗುವುದೂ ಹಲವರಿಗೆ. ಹಾಗೆಂದು ಯಾರೂ ಆ ನೋವನ್ನು ಸಹಿಸಿ ಪುಣ್ಯ ಗಳಿಸಲು ಹೊರಡುವುದಿಲ್ಲ. ಗುಣವಾಗಬಲ್ಲ ತೊಂದರೆಯನ್ನು ನಾಚಿಕೆಯಿಂದ ಹೊತ್ತು ನಡೆಯುವುದಕ್ಕೆ ಶಿಲುಬೆಯ ಹೆಸರಿಡುವುದೂ ಸರಿಯಲ್ಲ. ಮಾರ್ಕನ ಶುಭಸಂದೇಶದಲ್ಲಿ ಬರುವ ರಕ್ತಸ್ರಾವದ ಸ್ತ್ರೀ ಹನ್ನೆರಡು ವರ್ಷ ನರಳಿ, ಅನೇಕ ವೈದ್ಯರ ಬಳಿಗೆ ಹೋಗಿದ್ದವಳು. ಅದಕ್ಕಾಗಿ ಯೇಸುಸ್ವಾಮಿ ಅವಳನ್ನು ಗದರಲಿಲ್ಲ.

ಮೂತ್ರಕೋಶ, ಗರ್ಭಕೋಶ, ಮಲಾಶಯಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ ಸಡಿಲವಾಗುತ್ತವೆ. ಅವನ್ನು ವ್ಯಾಯಾಮದಿಂದ ಬಲಪಡಿಸಬಹುದೆಂದು ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಬರೆದರು. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಹಿಡಿಯುವಂತೆ ಆ ಸ್ನಾಯುಗಳನ್ನು ಮೇಲಕ್ಕೆ ಸೆಳೆದು, ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಒಂದು ಸಲಕ್ಕೆ ಕನಿಷ್ಠ 8 ಬಾರಿಯಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು, ಅದೂ ತರಬೇತಾದವರ ಮೇಲ್ವಿಚಾರಣೆಯಲ್ಲಿ ಎನ್ನುತ್ತದೆ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ. ಶಸ್ತ್ರಚಿಕಿತ್ಸೆಯ ಮಾತು ಅನಂತರದ್ದು. ಮೇಲ್ವಿಚಾರಣೆ ಏಕೆ? ಎಷ್ಟೋ ಮಂದಿ ತಿಳಿಯದೆ, ಮೇಲಕ್ಕೆ ಸೆಳೆಯುವ ಬದಲು ತಿಣುಕಿ ಕೆಳಕ್ಕೆ ಒತ್ತುತ್ತಾರೆ. ಸರಿಯಾದ ಸ್ನಾಯುವೇ ಕೆಲಸ ಮಾಡುತ್ತಿದೆಯೇ ಎಂಬುದನ್ನು ಫಿಸಿಯೊಥೆರಪಿಸ್ಟ್ ಪರೀಕ್ಷಿಸಿ ಹೇಳಬಲ್ಲರು. ಉರಿಯಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೊದಲು ವೈದ್ಯರಲ್ಲಿಗೆ ಹೋಗಬೇಕು.

ಮಂಗಳೂರು, ಮಣಿಪಾಲಗಳಲ್ಲಿ ಫಿಸಿಯೊಥೆರಪಿ ಕಾಲೇಜುಗಳೇ ಇವೆ. ಮಂಡಿನೋವಿಗೆ ಫಿಸಿಯೊಥೆರಪಿ ಮಾಡಿಸಿಕೊಳ್ಳುವ ನಮ್ಮ ತಾಯಂದಿರು, ಇದಕ್ಕೂ ಅದು ಉಂಟೆಂದು ಅರಿಯರು. ಬಾಣಂತನದ ಎಣ್ಣೆ, ಲೇಹ್ಯಗಳಿಗೆ ಕೈ ಹಿಡಿಯದೆ ಖರ್ಚು ಮಾಡುವ ಮನೆಯವರು ಇದನ್ನೂ ಬಾಣಂತನದ ಆರೈಕೆಯೆಂದೇ ಎಣಿಸಲಿ. ಸ್ತ್ರೀ ಸಂಘಟನೆಯವರು ತಮ್ಮ ಮುಂದಿನ ಸಭೆಗೆ ಮಹಿಳಾ ಫಿಸಿಯೊಥೆರಪಿಸ್ಟ್ ಒಬ್ಬರನ್ನು ಆಹ್ವಾನಿಸಬಹುದು. ಅಂದು ಗುರುಗಳಾದ ನಾವು ಆರಂಭದ ಪ್ರಾರ್ಥನೆ ಮುಗಿಸಿ ಸಭಾಂಗಣದಿಂದ ಹೊರಗೆ ನಡೆಯುವುದು ಲೇಸು.