ನೀಲಿಕಲ್ಲು ಮರಿ ಸಾಕಣೆ: ಕಟ್ಟಡಕ್ಕಿಂತ ಮೊದಲು ಊಟದ ಲೆಕ್ಕ ಆಗಲಿ

ಕುಮಟಾ: ಬಂಡೆಯಿಂದ ನೀಲಿಕಲ್ಲು ಕಿತ್ತು ತರುವವರು, ಪೇಟೆಯಲ್ಲಿ ಮಾರುವವರು, ಸುಕ್ಕ ಮಾಡಿ ಬಡಿಸುವ ಹೋಟೆಲಿನವರು, ಹೀಗೆ ಕರಾವಳಿಯಲ್ಲಿ ಇದನ್ನೇ ನಂಬಿದವರು ಹಲವರು. ಅಳಿವೆಯಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸೋರಿಗೆ 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಹಾಯಧನವೂ ನಿಗದಿಯಾಗಿತ್ತು: ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60.

ಆದರೆ ಬಿತ್ತನೆ ಮರಿ ಎಲ್ಲಿಂದ? ಹೆಚ್ಚಿನದು ಬಂಡೆಯಿಂದ ಕೆರೆದದ್ದೇ. ಬಂಡೆಯಲ್ಲಿ ಮರಿ ಕಡಿಮೆಯಾದ ವರ್ಷ ಕೃಷಿಕರಿಗೂ ಇಲ್ಲ, ಹೆಕ್ಕುವವರಿಗೂ ಇಲ್ಲ. ಹಾಗಾದರೆ ಮರಿ ಕೇಂದ್ರ ಕಟ್ಟಿದರಾಯ್ತು ಅಂತ ಯಾರಿಗಾದರೂ ಅನ್ನಿಸುತ್ತದೆ.

ಚೀಲದ ತಿಂಡಿ ನಡೆಯೋದಿಲ್ಲ

ಸಿಗಡಿ ಕೆರೆಗೆ ಎರಚಿದ ಹಾಗೆ ಇದಕ್ಕೆ ತಿಂಡಿ ಹಾಕಲು ಬರುವುದಿಲ್ಲ. ನೀಲಿಕಲ್ಲು ನೀರು ಸೋಸಿ ತಿನ್ನುವ ಜೀವಿ. ಮರಿಗೆ ಬೇಕಾದದ್ದು ಐಸೋಕ್ರೈಸಿಸ್, ಕೀಟೋಸೆರಾಸ್‌ನಂಥ ಕಣ್ಣಿಗೆ ಕಾಣದ ಜೀವಂತ ಪಾಚಿ. ಮೊದಲ ಎರಡು-ಮೂರು ವಾರ ಈಜಾಡುವಾಗ ಹಸಿವು ಕಡಿಮೆ. ಹಗ್ಗಕ್ಕೆ ಅಂಟಿಕೊಂಡ ಮೇಲೆ ದಿನದಿನವೂ ಹೆಚ್ಚುತ್ತದೆ. ನೀರು ಬೇಗ ತಿಳಿಯಾದರೆ ಊಟ ಸಾಲಲಿಲ್ಲ ಎಂದರ್ಥ. ಬಣ್ಣ ಉಳಿದರೆ ಜಾಸ್ತಿಯಾಗಿದೆ. ಉಳಿದದ್ದು ಕೊಳೆತು ಮರಿಗಳೇ ಸಾಯಬಹುದು.

ಆ ಪಾಚಿಯನ್ನೂ ಬೇರೆ ತೊಟ್ಟಿಯಲ್ಲಿ ಬೆಳೆಸಬೇಕು. ಸೋಸಿದ ಸಮುದ್ರದ ನೀರು, ಗೊಬ್ಬರ, ಬೆಳಕು, ಗಾಳಿ, ತಂಪು, ಎಲ್ಲಕ್ಕೂ ಕರೆಂಟ್ ಬೇಕು. ಚಿಪ್ಪುಮೀನು ಮರಿ ಕೇಂದ್ರಗಳ ಖರ್ಚಿನಲ್ಲಿ ಸರಾಸರಿ ಶೇ 30ರಷ್ಟು ಪಾಚಿಗೇ ಹೋಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ.

ಮಳೆಗಾಲದ ಪೇಚು

ಅಳಿವೆಯಲ್ಲಿ ಹಗ್ಗ ಕಟ್ಟುವುದು ನವೆಂಬರ್-ಡಿಸೆಂಬರ್‌ನಲ್ಲಿ. ಜೂನ್ ಮಳೆಯಲ್ಲಿ ನೀರು ಸಿಹಿಯಾದರೆ ನೀಲಿಕಲ್ಲು ಉಳಿಯುವುದಿಲ್ಲ, ಅದಕ್ಕೂ ಮೊದಲೇ ಕೊಯ್ಲಾಗಬೇಕು. ಅಂದರೆ ಮರಿ ತಯಾರಾಗಬೇಕಾದದ್ದು ಆಗಸ್ಟ್-ಅಕ್ಟೋಬರ್‌ನಲ್ಲಿ. ಗಾಳಿ-ಮಳೆಗೆ ಮರ ಬಿದ್ದು ನಮ್ಮಲ್ಲಿ ಕರೆಂಟ್ ಕೈಕೊಡುವ ಕಾಲವೂ ಅದೇ. ಪಾಚಿ ತೊಟ್ಟಿ ಕೆಟ್ಟರೆ ಮರಿಗೆ ಉಪವಾಸ.

ಖರ್ಚು ತಗ್ಗಿಸುವ ದಾರಿ ಒಂದಿದೆ: ಮರಿ ಕೆಲವು ಮಿಲಿಮೀಟರ್ ಆದ ಕೂಡಲೇ, ನೀರಿನ ಉಪ್ಪು ನೋಡಿಕೊಂಡು, ಸಣ್ಣ ಕಣ್ಣಿನ ಬಲೆಯಲ್ಲಿ ಅಳಿವೆಗೆ ಇಳಿಸುವುದು. ಭರತದ ನೀರೇ ಪಾಚಿ ತಂದುಕೊಡುತ್ತದೆ. ಸೂರಿನಡಿ ಸಾಕುವ ದಿನ ಕಡಿಮೆಯಾದಷ್ಟೂ ಮರಿ ಅಗ್ಗ.

ಹಾಗಾಗಿ ಮರಿ ಕೇಂದ್ರದ ಮಾತು ನಮ್ಮ ಗ್ರಾಮಸಭೆಗೆ ಬಂದರೆ ಕಟ್ಟಡದ ಅಳತೆ ಆಮೇಲೆ ಕೇಳೋಣ. ಜನರೇಟರ್ ಇದೆಯಾ? ಭಾನುವಾರ ಪಾಚಿ ನೋಡೋರು ಯಾರು? ಮರಿ ಇಳಿಸೋಕೆ ಅಳಿವೆಯಲ್ಲಿ ಯಾವ ಜಾಗ, ಅಲ್ಲಿ ಈಗ ಹೆಕ್ಕುತ್ತಿರುವವರ ಒಪ್ಪಿಗೆ ಇದೆಯಾ? ಇದಕ್ಕೆ ಉತ್ತರ ಸಿಕ್ಕರೆ ಹಗ್ಗ-ಬಲೆ ಅಂಗಡಿಯಿಂದ ಹೋಟೆಲಿನವರೆಗೆ ಎಲ್ಲರಿಗೂ ವ್ಯಾಪಾರ. ಸಿಗದಿದ್ದರೆ ಉಳಿಯೋದು ಖಾಲಿ ತೊಟ್ಟಿ ಮಾತ್ರ.