ಕೋಳಿ ಜಗಳದಲ್ಲಿ ಕೊಬ್ಬಿದ ಪಿಕಪ್

2011ರ ಡಿಸೆಂಬರ್ 16ರಂದು ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಫೋರ್ಡ್ ಕಾರ್ಖಾನೆಯಿಂದ ಕೊನೆಯ ರೇಂಜರ್ ಪಿಕಪ್ ಹೊರಗೆ ಬಂತು. ಬಿಳಿ ಬಣ್ಣದ ಸಾದಾ ಗಾಡಿ. ಅದನ್ನು ಕೊಂಡದ್ದು ಆರ್ಕಿನ್ ಎಂಬ ಕಂಪನಿ. ಮನೆ ಮನೆಗೆ ಹೋಗಿ ಗೆದ್ದಲು, ಜಿರಲೆ, ಇಲಿ ಓಡಿಸುವುದು ಅದರ ಕಸುಬು. ವಸ್ತುಸಂಗ್ರಹಾಲಯದಲ್ಲಿ ಹೊಳೆಯುತ್ತ ನಿಲ್ಲದೆ ಗೆದ್ದಲಿನ ಔಷಧಿ ಹೊರಲು ಹೋದ ಆ ಗಾಡಿಗೆ ಅದಕ್ಕಿಂತ ತಕ್ಕ ಗಿರಾಕಿ ಸಿಗುತ್ತಿರಲಿಲ್ಲ.

ಆ ಕಾರ್ಖಾನೆಯದೇ ಒಂದು ಕಥೆ. 1925ರಲ್ಲಿ ಮಿಸಿಸಿಪಿ ನದಿಯ ದಂಡೆಯ ಮೇಲೆ ಶುರುವಾದದ್ದು. ಕರೆಂಟು ಬರುತ್ತಿದ್ದುದು ಪಕ್ಕದ ಅಣೆಕಟ್ಟೆಯಿಂದ. ಗಾಜಿಗೆ ಬೇಕಾದ ಬಿಳಿ ಮರಳನ್ನು ಕಾರ್ಖಾನೆಯ ಕೆಳಗೇ ಸುರಂಗ ತೋಡಿ ತೆಗೆಯುತ್ತಿದ್ದರು. ನೀರು, ನೆಲ, ಕೈ ಎಲ್ಲವೂ ಊರಿನವೇ. ‘ಸ್ವದೇಶಿ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಹುಡುಕುವುದು ಕಷ್ಟ. ಈಗ ಅದೇ ಜಾಗದಲ್ಲಿ ಹೈಲ್ಯಾಂಡ್ ಬ್ರಿಜ್ ಎಂಬ ಬಡಾವಣೆ ಎದ್ದಿದೆ. ಅಪಾರ್ಟ್‌ಮೆಂಟು, ಅಂಗಡಿ, ಉದ್ಯಾನ.

ಸಣ್ಣ ಪಿಕಪ್ ಕೊಳ್ಳುವವರು ಕಡಿಮೆಯಾಗಿದ್ದಾರೆ, ಜನಕ್ಕೆ ದೊಡ್ಡದೇ ಬೇಕು ಎಂಬುದು ಆಗ ಕಂಪನಿ ಕೊಟ್ಟ ಕಾರಣ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದೊಡ್ಡದು ಯಾಕೆ ಬೇಕಾಯಿತು, ಸಣ್ಣದು ಯಾಕೆ ಸೊರಗಿತು ಎಂದು ಕೆದಕುತ್ತ ಹೋದರೆ ಕೊನೆಗೆ ಸಿಗುವುದು ಎಂಜಿನ್ನೂ ಅಲ್ಲ, ಪೆಟ್ರೋಲೂ ಅಲ್ಲ, ಒಂದು ಕೋಳಿ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಫಾರಂ ಕೋಳಿಯ ಉದ್ಯಮ ಬೆಳೆದು ಕೋಳಿ ಅಗ್ಗವಾಯಿತು. ಹೆಪ್ಪುಗಟ್ಟಿಸಿದ ಆ ಮಾಂಸ ಹಡಗೇರಿ ಪಶ್ಚಿಮ ಜರ್ಮನಿಗೆ ಹೋಗಿ ಅಲ್ಲಿನ ರೈತರ ನಿದ್ದೆ ಕೆಡಿಸಿತು. 1962ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಆಮದು ಕೋಳಿಯ ಮೇಲೆ ಸುಂಕ ಏರಿಸಿತು. ಕೋಳಿ ಸಾಕಣೆಯ ನಾಡಾದ ಅರ್ಕಾನ್ಸಾ ರಾಜ್ಯದ ಸೆನೆಟರ್ ಫುಲ್‌ಬ್ರೈಟ್, ನೇಟೊ ಸಭೆಯಲ್ಲಿ ಅಣ್ವಸ್ತ್ರದ ಚರ್ಚೆ ನಡೆಯುತ್ತಿದ್ದಾಗ ಅದನ್ನು ನಿಲ್ಲಿಸಿ ಕೋಳಿಯ ವಿಷಯ ಎತ್ತಿದರಂತೆ. ಅಮೆರಿಕದ ಅಧ್ಯಕ್ಷ ಕೆನಡಿಯವರೊಂದಿಗೆ ತಮ್ಮ ಪತ್ರವ್ಯವಹಾರದ ಅರ್ಧ ಭಾಗ ಕೋಳಿಗೇ ಮೀಸಲಾಗಿತ್ತು ಎಂದು ಜರ್ಮನಿಯ ಚಾನ್ಸಲರ್ ಅಡೆನಾವರ್ ಗೊಣಗಿದ್ದರೆಂಬ ಮಾತೂ ಇದೆ. ಬರ್ಲಿನ್ ಗೋಡೆ ಎದ್ದು ಇನ್ನೂ ಎರಡು ವರ್ಷ ಆಗಿರದ ಕಾಲ ಅದು!

ಕೆನಡಿಯವರ ಹತ್ಯೆಯಾಗಿ ಹನ್ನೆರಡನೆಯ ದಿನ, 1963ರ ಡಿಸೆಂಬರ್ 4ರಂದು, ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರತೀಕಾರದ ಆದೇಶ ಹೊರಡಿಸಿದರು. ಆಲೂಗಡ್ಡೆ ಗಂಜಿಪುಡಿ, ಡೆಕ್ಸ್ಟ್ರಿನ್, ಬ್ರಾಂದಿ ಮತ್ತು ಹಗುರ ಟ್ರಕ್ಕುಗಳಿಗೆ ಶೇ 25ರಷ್ಟು ಆಮದು ಸುಂಕ. ಈ ವಿಚಿತ್ರ ಪಟ್ಟಿಯಲ್ಲಿ ಟ್ರಕ್ ಸೇರಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ವ್ಯಾನು, ಪಿಕಪ್ಪುಗಳನ್ನು ತಡೆಯಲು. ಮೋಟಾರು ಕಾರ್ಮಿಕರ ಸಂಘದ ನಾಯಕ ವಾಲ್ಟರ್ ರೂಥರ್ ಅವರನ್ನು ಸಮಾಧಾನಪಡಿಸುವ ಲೆಕ್ಕವೂ ಅದರ ಹಿಂದೆ ಇತ್ತೆಂದು ಶ್ವೇತಭವನದ ಧ್ವನಿಮುದ್ರಿಕೆಗಳು ಮುಂದೆ ಸೂಚಿಸಿದವು. ಕಾಲ ಕಳೆದಂತೆ ಗಂಜಿಪುಡಿ ಬಿಡುಗಡೆಯಾಯಿತು, ಡೆಕ್ಸ್ಟ್ರಿನ್ ಬಿಡುಗಡೆಯಾಯಿತು, ಬ್ರಾಂದಿಯೂ ಬಿಡುಗಡೆಯಾಯಿತು. ಟ್ರಕ್ಕಿನ ಮೇಲಿನ ‘ಕೋಳಿ ತೆರಿಗೆ’ ಮಾತ್ರ ಅರವತ್ತು ವರ್ಷ ದಾಟಿಯೂ ಕದಲಲಿಲ್ಲ. ದಶಕಗಳ ಕಾಲ ಆಮದು ಕಾರಿಗೆ ಶೇ 2.5, ಆಮದು ಪಿಕಪ್ಪಿಗೆ ಶೇ 25. ಹತ್ತು ಪಟ್ಟು.

ರಂಗೋಲಿ ಕೆಳಗೆ ತೂರುವವರು ಎಲ್ಲ ದೇಶದಲ್ಲೂ ಇದ್ದಾರೆ. ಜಪಾನಿನಿಂದ ಬರುವ ಪಿಕಪ್ಪಿನ ಹಿಂದಿನ ಬಾಡಿ ಬಿಚ್ಚಿ, ಬರಿಯ ಕ್ಯಾಬಿನ್ನು–ಚಾಸಿಯನ್ನು ಕಡಿಮೆ ಸುಂಕದಲ್ಲಿ ಇಳಿಸಿಕೊಂಡು, ಅಮೆರಿಕದ ಬಂದರಿನಲ್ಲಿ ಬಾಡಿ ಕೂರಿಸುವುದು ಮೊದಲ ಉಪಾಯ. ಇದನ್ನು ಮಾಡಿದ್ದು ಹೊರಗಿನವರಷ್ಟೇ ಅಲ್ಲ. ಫೋರ್ಡ್ ಹೆಸರಿನ ಕುರಿಯರ್ ತಯಾರಾಗುತ್ತಿದ್ದುದು ಮಾಜ್ದಾದಲ್ಲಿ, ಶೆವರ್ಲೆ ಹೆಸರಿನ ಲವ್ ತಯಾರಾಗುತ್ತಿದ್ದುದು ಇಸುಜುವಿನಲ್ಲಿ. 1980ರಲ್ಲಿ ಆ ಸಂದಿ ಮುಚ್ಚಿತು. ಸುಬಾರು ಕಂಪನಿ ತನ್ನ ಬ್ರ್ಯಾಟ್ ಪಿಕಪ್ಪಿನ ತೆರೆದ ಬಾಡಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು ಜಡಿದು, ಇದು ಪ್ರಯಾಣಿಕರ ವಾಹನ ಎಂದು ವಾದಿಸಿತು. ಅಂಥದ್ದೊಂದು ಬ್ರ್ಯಾಟ್ ರೊನಾಲ್ಡ್ ರೇಗನ್ ಅವರ ಕ್ಯಾಲಿಫೋರ್ನಿಯಾದ ತೋಟದಲ್ಲೂ ಓಡಾಡುತ್ತಿತ್ತು.

ಎಲ್ಲಕ್ಕಿಂತ ಸೊಗಸಾದ ಪ್ರಸಂಗ ಫೋರ್ಡ್‌ನದು. 2009ರಿಂದ ಅದು ಟರ್ಕಿಯಲ್ಲಿ ತಯಾರಿಸಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಅಮೆರಿಕಕ್ಕೆ ತರಿಸತೊಡಗಿತು. ಹಡಗೇರುವಾಗ ಹಿಂದಿನ ಸೀಟು, ಕಿಟಕಿ, ಸೀಟುಬೆಲ್ಟು ಎಲ್ಲ ಇರುತ್ತಿದ್ದವು. ಬಾಲ್ಟಿಮೋರ್‌ನಲ್ಲಿ ಇಳಿದು ಕಸ್ಟಮ್ಸ್ ದಾಟಿದ ಕೂಡಲೇ ಆ ಸೀಟುಗಳನ್ನು ಕಿತ್ತು ಚೂರು ಮಾಡಿ, ಕಿಟಕಿಯ ಗಾಜಿನ ಜಾಗಕ್ಕೆ ತಗಡು ಕೂರಿಸಿ, ಸರಕು ವ್ಯಾನೆಂದು ಮಾರುತ್ತಿದ್ದರು. ಯಾರೂ ಒಮ್ಮೆಯೂ ಕೂರದ ಸೀಟುಗಳು ಅಟ್ಲಾಂಟಿಕ್ ದಾಟಿ ಬಂದು ಪುಡಿಯಾಗುತ್ತಿದ್ದವು. ವ್ಯಾಜ್ಯ ವರ್ಷಗಟ್ಟಲೆ ನಡೆದು, 2019ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಫೋರ್ಡ್ ಸೋತು, 2024ರ ಮಾರ್ಚಿನಲ್ಲಿ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಯಾವ ಬೇಲಿ ತನ್ನ ಹೊಲ ಕಾಯಲೆಂದು ಹಾಕಿದ್ದೋ ಅದೇ ಬೇಲಿ ಹಾರಲು ಹೋಗಿ ಪಂಚೆ ಸಿಕ್ಕಿಸಿಕೊಂಡ ಗೌಡನ ಪಾಡು.

ಇಷ್ಟೆಲ್ಲದರ ನಡುವೆ ಗಾಡಿಗೆ ಏನಾಯಿತು? ಪ್ಲಂಬರಿಗೋ ಗಾರೆ ಮೇಸ್ತ್ರಿಗೋ ತೋಟದ ಕೆಲಸದವನಿಗೋ ಬೇಕಾದದ್ದು ಸರಳ: ನೆಲದಲ್ಲಿ ನಿಂತೇ ಸಿಮೆಂಟು ಮೂಟೆ ಎತ್ತಿಹಾಕುವಷ್ಟು ತಗ್ಗಿನ ಬಾಡಿ, ಗೀರು ಬಿದ್ದರೆ ಎದೆ ಒಡೆಯದಂಥ ಬೆಲೆ. ಹೊರಗಿನ ಸಣ್ಣ ಗಾಡಿ ಒಳಬರದಿದ್ದಾಗ ಒಳಗಿನವರಿಗೆ ಸಣ್ಣದನ್ನು ಸುಧಾರಿಸುವ ಗರಜು ಉಳಿಯಲಿಲ್ಲ. ಲಾಭ ಇರುವುದು ದೊಡ್ಡದರಲ್ಲಿ. ಅದರ ಮೇಲೆ 2012ರ ಮಾದರಿಗಳಿಂದ ಜಾರಿಗೆ ಬಂದ ಇಂಧನ ನಿಯಮ, ನಾಲ್ಕು ಚಕ್ರಗಳ ನಡುವಿನ ಜಾಗ ಎಷ್ಟು ದೊಡ್ಡದೋ ಗುರಿ ಅಷ್ಟು ಸಡಿಲ ಎಂದಿತು. ತಪ್ಪೆಲ್ಲ ಕೋಳಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಎರಡೂ ಸೇರಿ ಗಾಡಿಯನ್ನು ಊದಿಸಿದವು.

ಫೋರ್ಡ್‌ನ ಇಂದಿನ ನಾಲ್ಕು ಬಾಗಿಲಿನ ಎಫ್-150 ಪಿಕಪ್ ಸುಮಾರು 5.9 ಮೀಟರ್ ಉದ್ದ. ಹೆಚ್ಚು ಕಾಣಸಿಗುವ ಮಾದರಿಯಲ್ಲಿ ಸರಕು ಹಾಕುವ ಬಾಡಿಯ ಉದ್ದ ಸುಮಾರು 1.7 ಮೀಟರ್. ಜಪಾನಿನ ‘ಕೇ’ ಟ್ರಕ್ ಇಡಿಯಾಗಿ 3.4 ಮೀಟರ್ ಮೀರುವಂತಿಲ್ಲ, ಎಂಜಿನ್ 660 ಸಿಸಿ. ಆದರೂ ಅದರ ಬಾಡಿಯ ಉದ್ದ ಸುಮಾರು 1.9 ಮೀಟರ್, ಮೂರು ಬದಿಯೂ ತೆರೆದುಕೊಳ್ಳುತ್ತದೆ. ಅಳತೆ ಟೇಪು ಹಿಡಿದವರಿಗೆ ಬೇರೆ ವ್ಯಾಖ್ಯಾನ ಬೇಡ. ಅಮೆರಿಕದ ಸಣ್ಣ ರೈತರು, ಮರ ಕಡಿಯುವವರು ಇಪ್ಪತ್ತೈದು ವರ್ಷ ಹಳತಾದ ಕೇ ಟ್ರಕ್ಕುಗಳನ್ನು ಜಪಾನಿನಿಂದ ತರಿಸಿಕೊಳ್ಳುತ್ತಿದ್ದಾರೆ. ಯಾಕೆ ಹಳತು ಎಂದರೆ, ಅಮೆರಿಕದ ಸುರಕ್ಷತಾ ನಿಯಮ ಪಾಲಿಸದ ಗಾಡಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪ್ರವೇಶವಿಲ್ಲ. ಬಂದ ಮೇಲೂ ಕೆಲವು ರಾಜ್ಯಗಳು ನೋಂದಣಿ ನಿರಾಕರಿಸಿದವು. ಟೆಕ್ಸಾಸ್ ಮತ್ತು ಮ್ಯಾಸಚೂಸೆಟ್ಸ್ 2024ರಲ್ಲಿ ಮನಸ್ಸು ಬದಲಿಸಿದವು. ಜಗತ್ತಿನ ಅತಿ ಶ್ರೀಮಂತ ದೇಶದ ದುಡಿಯುವ ಮನುಷ್ಯ, ತನಗೆ ಹೊಂದುವ ಗಾಡಿಗಾಗಿ ಟೋಕಿಯೋದ ಹಳೆ ಸಾಮಾನಿನ ಕಡೆ ನೋಡುತ್ತಿದ್ದಾನೆ!

ಸುಂಕದ ಪರವಾಗಿ ಹೇಳುವವರ ಮಾತನ್ನೂ ಕೇಳಬೇಕು, ಅದರಲ್ಲಿ ತೂಕವಿದೆ. ಶೇ 2.5ರ ತೆಳು ಪರದೆಯ ಹಿಂದಿದ್ದ ಕಾರುಗಳ ಗತಿ ಏನಾಯಿತು? 2018ರಲ್ಲಿ ಫೋರ್ಡ್ ಉತ್ತರ ಅಮೆರಿಕದಲ್ಲಿ ತನ್ನ ಸೆಡಾನ್ ಕಾರುಗಳಿಗೆ ಮಂಗಳ ಹಾಡುವುದಾಗಿ ಘೋಷಿಸಿತು. ಶೇ 25ರ ಗೋಡೆಯ ಹಿಂದಿದ್ದ ಎಫ್-150 ಮಾತ್ರ ಡಿಯರ್‌ಬಾರ್ನ್‌ನಲ್ಲಿ, ಹೆನ್ರಿ ಫೋರ್ಡ್ ಕಟ್ಟಿಸಿದ ರೂಜ್ ಆವರಣದಲ್ಲಿ ಮತ್ತು ಕಾನ್ಸಾಸ್ ಸಿಟಿಯ ಬಳಿ ಇಂದಿಗೂ ತಯಾರಾಗುತ್ತಿದೆ, ಸಂಘಟಿತ ಕಾರ್ಮಿಕರ ಕೈಯಲ್ಲಿ. ಎಫ್-ಸೀರೀಸ್ 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಮರ್ಸಿಡಿಸ್ ಕಂಪನಿ ಸ್ಪ್ರಿಂಟರ್ ವ್ಯಾನನ್ನು ಜರ್ಮನಿಯಲ್ಲಿ ಜೋಡಿಸಿ, ಬಿಚ್ಚಿ, ದಕ್ಷಿಣ ಕರೊಲೈನಾದಲ್ಲಿ ಮತ್ತೆ ಜೋಡಿಸುವ ಹುಚ್ಚಾಟ ಸಾಕಾಗಿ, 2018ರಲ್ಲಿ ಅಲ್ಲಿಯೇ ಪೂರ್ಣ ಕಾರ್ಖಾನೆ ಶುರುಮಾಡಿತು. ಗೋಡೆ ಕೆಲಸಕ್ಕೆ ಬರುವುದೇ ಇಲ್ಲ ಎನ್ನುವವರಿಗೆ ಇದು ಉತ್ತರ.

ಆದರೆ ಗೋಡೆಗೆ ಒಂದು ಬಾಗಿಲು ಇತ್ತು. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವೆ 1994ರ ಜನವರಿಯಿಂದ ಜಾರಿಗೆ ಬಂದ ನಾಫ್ಟಾ ವ್ಯಾಪಾರ ಒಪ್ಪಂದದ ನಂತರ ಮೆಕ್ಸಿಕೋದಿಂದ ಬರುವ ಪಿಕಪ್ಪಿಗೆ ಕೋಳಿ ತೆರಿಗೆ ತಾಗದಾಯಿತು. ಟೊಯೊಟಾದ ಟಕೋಮ ಅಲ್ಲಿಗೆ ಹೋಯಿತು. 2021ರಲ್ಲಿ ಫೋರ್ಡ್ ಕೊನೆಗೂ ಮೇವರಿಕ್ ಎಂಬ ಸಣ್ಣ ಪಿಕಪ್ ತಂದಾಗ, ಆರಂಭದ ಬೆಲೆ 19,995 ಡಾಲರ್ ಎಂದು ಕೇಳಿ ಜನ ಮುಗಿಬಿದ್ದರು. ‘ಸಣ್ಣದು ಯಾರಿಗೂ ಬೇಡ’ ಎಂಬ ಹತ್ತು ವರ್ಷದ ಹಳೆಯ ವಾದ ಒಂದೇ ಬೇಸಿಗೆಯಲ್ಲಿ ಕರಗಿತು. 2024ರಲ್ಲಿ 1.30 ಲಕ್ಷಕ್ಕೂ ಹೆಚ್ಚು ಮೇವರಿಕ್ ಮಾರಾಟವಾದವು. ತಯಾರಾಗುವುದು ಮಾತ್ರ ಸೇಂಟ್ ಪಾಲ್‌ನಲ್ಲೂ ಅಲ್ಲ, ಡೆಟ್ರಾಯಿಟ್‌ನಲ್ಲೂ ಅಲ್ಲ, ಮೆಕ್ಸಿಕೋದ ಎರ್ಮೊಸಿಯೊದಲ್ಲಿ. ಬೆಲೆಯೂ ನಾಲ್ಕೇ ವರ್ಷದಲ್ಲಿ 28 ಸಾವಿರ ಡಾಲರಿನ ಆಸುಪಾಸಿಗೆ ಏರಿತು.

ಓಹಾಯೋ ರಾಜ್ಯದ ಲಾರ್ಡ್ಸ್‌ಟೌನ್‌ನ ಕಥೆ ಇನ್ನೂ ಕಹಿ. 1966ರಿಂದ ಕಾರು ಮಾಡುತ್ತಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಅದು. 2017ರ ಜುಲೈನಲ್ಲಿ ಪಕ್ಕದ ಯಂಗ್ಸ್‌ಟೌನ್‌ನಲ್ಲಿ ಸಭೆ ನಡೆಸಿದ ಅಧ್ಯಕ್ಷ ಟ್ರಂಪ್, ಕೆಲಸಗಳೆಲ್ಲ ಮರಳಿ ಬರುತ್ತವೆ, ಮನೆ ಮಾರಬೇಡಿ ಎಂದರು. 2019ರ ಮಾರ್ಚಿನಲ್ಲಿ ಕಾರ್ಖಾನೆ ನಿಂತಿತು. ಅದನ್ನು ಕೊಂಡ ಹೊಸ ಕಂಪನಿ, ಗುತ್ತಿಗೆದಾರರಿಗೆ, ನಗರಸಭೆಗಳಿಗೆಂದೇ ವಿದ್ಯುತ್ ಚಾಲಿತ ಕೆಲಸದ ಪಿಕಪ್ ಮಾಡುತ್ತೇನೆಂದು ಹೊರಟಿತು. ಗಾಡಿಗಳ ಸಂಖ್ಯೆ ನೂರು ಮುಟ್ಟುವ ಮೊದಲೇ, 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಷ್ಟರಲ್ಲಿ ಕಟ್ಟಡ ಫಾಕ್ಸ್‌ಕಾನ್ ಪಾಲಾಗಿತ್ತು. ನಮ್ಮ ದೇವನಹಳ್ಳಿಯ ಬಳಿ ಐಫೋನ್ ಜೋಡಿಸುವ ಅದೇ ಫಾಕ್ಸ್‌ಕಾನ್. ಈಗ ಅಲ್ಲಿ ಡೇಟಾ ಸೆಂಟರ್ ಸಲಕರಣೆಗಳ ಮಾತು ನಡೆದಿದೆ.

ಅಮೆರಿಕದ ಕಾರ್ಖಾನೆಗಳಲ್ಲಿ 1979ರ ಮಧ್ಯದಲ್ಲಿ ಸುಮಾರು 1.95 ಕೋಟಿ ಜನ ದುಡಿಯುತ್ತಿದ್ದರು. ಈಗಿನ ಲೆಕ್ಕ 1.3 ಕೋಟಿಗೂ ಕಡಿಮೆ. ಯಂತ್ರಮಾನವ, ಚೀನಾ, ಡಾಲರಿನ ಮೌಲ್ಯ ಎಂದು ಇದಕ್ಕೆ ನೂರು ಕಾರಣ. ಕೋಳಿ ತೆರಿಗೆ ಆ ಇಳಿಜಾರನ್ನು ತಂದದ್ದೂ ಅಲ್ಲ, ತಡೆದದ್ದೂ ಅಲ್ಲ.

ಗೋಡೆಯೊಳಗಿನ ಬದುಕು ಭಾರತಕ್ಕೆ ಹೊಸದಲ್ಲ. ಅಂಬಾಸಡರ್ ಕಾರು ದಶಕಗಳ ಕಾಲ ಮುಖದ ಜಾಲರಿಯಷ್ಟನ್ನೇ ಬದಲಿಸಿಕೊಂಡು ಮಾರಾಟವಾದದ್ದು ಎಲ್ಲರ ನೆನಪಿನಲ್ಲಿದೆ. ಅಲ್ಲಿ ಗೋಡೆಯೊಳಗಿನ ಗಾಡಿ ಕೊಬ್ಬಿತು, ಇಲ್ಲಿ ಮಂಕಾಯಿತು. ಇಲ್ಲಿ ಸಣ್ಣ ಗೂಡ್ಸ್ ಗಾಡಿಗೆ ಜೀವ ಬಂದದ್ದು ಪೈಪೋಟಿಯಿಂದ. 2005ರ ಮೇ ತಿಂಗಳಲ್ಲಿ ಎರಡೂಕಾಲು ಲಕ್ಷ ರೂಪಾಯಿ ಆಸುಪಾಸಿನ ಬೆಲೆಗೆ ಬಂದ ಟಾಟಾ ಏಸ್, ಮೂರು ಚಕ್ರದ ಗೂಡ್ಸ್ ಆಟೊದವರ ಗಿರಾಕಿಗಳನ್ನು ಕಸಿಯಲೆಂದೇ ಹುಟ್ಟಿದ್ದು. ಗಾಡಿ ರೂಪಿಸುವ ಮೊದಲು ಟಾಟಾದವರು ಆಟೊ ಮಾಲೀಕರನ್ನು ಮಾತಾಡಿಸಲು ಹೋದಾಗ, ಮೂರರ ಬದಲು ನಾಲ್ಕು ಚಕ್ರ ಇದ್ದರೆ ಒಳ್ಳೆಯ ಕಡೆ ಹೆಣ್ಣು ಸಿಗುತ್ತದೆ ಎಂದು ಒಬ್ಬ ಹುಡುಗ ಹೇಳಿದ ಕಥೆ ಪ್ರಸಿದ್ಧ. ಆ ಸಂತತಿಯ ಏಸ್ ಜಿಪ್ 2012ರಿಂದ ಧಾರವಾಡದ ಟಾಟಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಬೀದಿಯವನನ್ನು ಕೇಳಿ ಮಾಡಿದ ಗಾಡಿ ಬೀದಿಯಲ್ಲಿ ಓಡಿತು, ಅಷ್ಟೇ. ಅಮೆರಿಕಕ್ಕೆ ಪಿಕಪ್ ಒಯ್ಯಲು ಹೊರಟ ಮಹೀಂದ್ರ, 2010ರ ಹೊತ್ತಿಗೆ ಅಲ್ಲಿನ ವಿತರಕರೊಂದಿಗೆ ಕೋರ್ಟು ಹತ್ತಿ ಕೈಚೆಲ್ಲಿತು. 2018ರಲ್ಲಿ ಮಿಶಿಗನ್‌ನಲ್ಲಿ ಜೋಡಿಸಿದ ಅದರ ರೋಕ್ಸರ್ ಜೀಪಿಗೆ ಹೆದ್ದಾರಿಯ ಪರವಾನಗಿ ಇಲ್ಲ, ಹೊಲದ ಬದುವೇ ಗತಿ.

ಸುಂಕ ಹಾಕುವುದೇ ತಪ್ಪು ಎಂದಲ್ಲ. ಅರವತ್ತು ವರ್ಷ ಒಂದೇ ಸುಂಕವನ್ನು, ಯಾವ ಷರತ್ತೂ ಇಲ್ಲದೆ, ಯಾರಿಗೆ ಏನು ಸಿಕ್ಕಿತೆಂದು ತಿರುಗಿ ನೋಡದೆ ಇಟ್ಟುಕೊಂಡದ್ದು ತಪ್ಪು. ಗೋಡೆ ಕಟ್ಟಿಕೊಟ್ಟ ಸರ್ಕಾರ ಕಂಪನಿಗಳ ಮುಂದೆ, ಸಣ್ಣ ಗಾಡಿಯನ್ನೂ ಇಲ್ಲೇ ಮಾಡಿ ಎಂಬ ಒಂದು ಸಾಲಿನ ಕರಾರನ್ನಾದರೂ ಇಡಬಹುದಿತ್ತು. 2025ರ ಏಪ್ರಿಲ್‌ನಿಂದ ಕಾರುಗಳಿಗೂ ಶೇ 25ರ ಹೊಸ ಸುಂಕ ಹೇರಿದಾಗಲೂ ಅಂಥ ಕರಾರು ಇರಲಿಲ್ಲ. ಕಿಟಕಿಗೆ ಕೈಯಲ್ಲಿ ತಿರುಗಿಸುವ ಹಿಡಿ, ರೇಡಿಯೊ ಇಲ್ಲ, ಬಣ್ಣವೂ ಇಲ್ಲ ಎಂಬಂಥ ಸ್ಲೇಟ್ ಎಂಬ ವಿದ್ಯುತ್ ಪಿಕಪ್ಪನ್ನು ಇಂಡಿಯಾನಾ ರಾಜ್ಯದ ಹಳೆಯ ಮುದ್ರಣ ಕಾರ್ಖಾನೆಯೊಂದರಲ್ಲಿ ತಯಾರಿಸುವುದಾಗಿ ಅದೇ ತಿಂಗಳು ಹೊಸ ಕಂಪನಿಯೊಂದು ಪ್ರಕಟಿಸಿತು. ಸರ್ಕಾರದ ಪ್ರೋತ್ಸಾಹಧನ ಕಳೆದು 20 ಸಾವಿರ ಡಾಲರಿನೊಳಗೆ ಎಂಬ ಮಾತಿತ್ತು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಆ ಪ್ರೋತ್ಸಾಹಧನವನ್ನೇ ನಿಲ್ಲಿಸಿದರು.

ಇನ್ನು ಕೋಳಿಯ ವಿಷಯ. ಹಕ್ಕಿಜ್ವರದ ಕಾರಣ ಹೇಳಿ ಅಮೆರಿಕದ ಕೋಳಿಯನ್ನು ತಡೆದಿದ್ದ ಭಾರತ, 2015ರ ಜೂನ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠದಲ್ಲಿ ಸೋತಿತು. ನಿಷೇಧ ಹೋಯಿತು, ಸುಂಕ ಉಳಿಯಿತು. ಎದೆಯ ಮಾಂಸವನ್ನೇ ಇಷ್ಟಪಡುವ ಅಮೆರಿಕನ್ನರಿಗೆ ಮಿಕ್ಕುವ ಕಾಲುಗಳು ಇಲ್ಲಿ ಲೆಗ್ ಪೀಸ್ ಆಗಿ ಸುರಿದರೆ ನಮ್ಮ ಕೋಳಿ ಸಾಕಣೆಯವರು ಏಳಲಾರರು ಎಂಬ ಭಯ. 2023ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳ ನಡುವೆ ರಾಜಿಯಾದಾಗ, ಹೆಪ್ಪುಗಟ್ಟಿಸಿದ ಟರ್ಕಿ ಕೋಳಿ ಮತ್ತು ಬಾತುಕೋಳಿಗೆ ಭಾರತ ಸುಂಕವನ್ನು ಶೇ 5ಕ್ಕೆ ಇಳಿಸಿತು. ಕೋಳಿ ಕಾಲಿನ ಸುಂಕ ಶೇ 100ರಲ್ಲೇ ನಿಂತಿತು.