ಪ್ರಿಂಟರ್ ಕೆಟ್ಟಿಲ್ಲ, ಶಾಯಿ ಒಣಗಿದೆ

ಕಳೆದ ಬೇಸಿಗೆಯ ಒಂದು ರಾತ್ರಿ ಕುಡಚಿಯ ನಮ್ಮ ಮನೆಗೆ ನೆರೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಆಕೆಯ ವಿದ್ಯಾರ್ಥಿವೇತನದ ಅರ್ಜಿಯನ್ನು ಮರುದಿನ ಬೆಳಿಗ್ಗೆ ಕಾಲೇಜಿಗೆ ಒಪ್ಪಿಸಬೇಕಿತ್ತು. ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿ ಆಗಲೇ ಬಾಗಿಲು ಹಾಕಿತ್ತು. ಎರಡು ತಿಂಗಳಿಂದ ಮುಟ್ಟದೆ ಇಟ್ಟಿದ್ದ ನನ್ನ ಇಂಕ್‌ಜೆಟ್ ಪ್ರಿಂಟರಿನಲ್ಲಿ ಆ ಅರ್ಜಿ ಹೊರಬಂದಾಗ ಅಕ್ಷರಗಳ ನಡುವೆ ಬಿಳಿ ಗೆರೆಗಳು ಓಡಿದ್ದವು. ಬ್ಯಾಂಕ್ ಖಾತೆಯ ಸಂಖ್ಯೆಯಲ್ಲಿ 3 ಯಾವುದು, 8 ಯಾವುದು ಎಂಬುದೇ ತಿಳಿಯುವಂತಿರಲಿಲ್ಲ. ಅಂತಹ ಅರ್ಜಿಯನ್ನು ಯಾವ ಗುಮಾಸ್ತನೂ ಸ್ವೀಕರಿಸಲಾರ. ಹುಡುಗಿ ಮರುದಿನ ಮುಂಜಾನೆ ಅಂಗಡಿ ತೆರೆಯುವುದನ್ನೇ ಕಾದು ನಿಲ್ಲಬೇಕಾಯಿತು.

ಪ್ರಿಂಟರನ್ನು ಚೀಲದಲ್ಲಿಟ್ಟುಕೊಂಡು ರೈಲಿನಲ್ಲಿ ಮೀರಜ್‌ಗೆ ಹೋದೆ. ಅಲ್ಲಿನ ರಿಪೇರಿ ಅಂಗಡಿಯಾತ ಮುಚ್ಚಳ ತೆರೆದು ನೋಡಿ, ‘ಹೆಡ್ ಹೋಗೈತ್ರಿ ಸಾಹೇಬರ, ಹೊಸಾದ್ ತಗೊಳ್ಳೂದ ಬೇಷ್’ ಎಂದ. ಹೆಡ್‌ನ ಬೆಲೆ ಮತ್ತು ಕೂಲಿ ಸೇರಿದರೆ ಹೊಸ ಯಂತ್ರದ ಬೆಲೆಗೆ ಹೆಚ್ಚು ಅಂತರವಿರಲಿಲ್ಲ. ಆತನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಹೆಡ್ ನಿಜವಾಗಿಯೂ ಕೆಟ್ಟಿರಲಿಲ್ಲ, ಅದರಲ್ಲಿ ಶಾಯಿ ಒಣಗಿತ್ತು ಅಷ್ಟೆ.

ಇಂಕ್‌ಜೆಟ್ ಯಂತ್ರದ ಹೆಡ್‌ನಲ್ಲಿ ತಲೆಗೂದಲಿಗಿಂತಲೂ ಸಣ್ಣದಾದ ನೂರಾರು ರಂಧ್ರಗಳಿರುತ್ತವೆ. ಶಾಯಿಯ ಬಹುಭಾಗ ನೀರು. ಕೆಲಸ ಮುಗಿದ ಮೇಲೆ ಹೆಡ್ ಬಲಗಡೆಯ ಮೂಲೆಗೆ ಸರಿದು ಒಂದು ರಬ್ಬರ್ ಮುಚ್ಚಳದ ಮೇಲೆ ಕೂಡುತ್ತದೆ, ಆ ಮುಚ್ಚಳವೇ ಶಾಯಿಯನ್ನು ಒಣಗದಂತೆ ಕಾಯುತ್ತದೆ. ಪ್ರಿಂಟರಿನ ಗುಂಡಿ ಒತ್ತದೆ ಗೋಡೆಯ ಸ್ವಿಚ್ಚನ್ನೇ ಆರಿಸುವುದು ನಮ್ಮೆಲ್ಲರ ಅಭ್ಯಾಸ. ಮುದ್ರಣದ ನಡುವೆ ಹಾಗೆ ಮಾಡಿದರೆ, ಅಥವಾ ಕರೆಂಟ್ ಹೋದರೆ, ಹೆಡ್ ನಡುದಾರಿಯಲ್ಲೇ ಬಾಯಿ ತೆರೆದು ನಿಲ್ಲುತ್ತದೆ. ಕೃಷ್ಣಾ ತೀರದ ನಮ್ಮ ಭಾಗದ ಏಪ್ರಿಲ್ ತಿಂಗಳ ಬಿಸಿಲಿಗೆ ಅದು ಒಣಗಲು ಬಹಳ ದಿನ ಬೇಕಿಲ್ಲ.

ಇದಕ್ಕೆ ಪರಿಹಾರ ಸರಳವಾದುದು, ಆದರೆ ತಾಳ್ಮೆ ಬೇಡುವಂಥದು. ಮೊದಲು ಯಂತ್ರದ ಪಟ್ಟಿಯಲ್ಲಿರುವ ‘ನಾಝಲ್ ಚೆಕ್’ ಮುದ್ರಿಸಿ ಯಾವ ಬಣ್ಣ ತಪ್ಪಿದೆ ಎಂಬುದನ್ನು ನೋಡಬೇಕು. ನಂತರ ‘ಹೆಡ್ ಕ್ಲೀನಿಂಗ್’ ಅನ್ನು ಎರಡು ಮೂರು ಸಲ ಮಾತ್ರ ಮಾಡಿ, ಸರಿಹೋಗದಿದ್ದರೆ ಯಂತ್ರವನ್ನು ಒಂದು ರಾತ್ರಿ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪದೇ ಪದೇ ಅದೇ ಗುಂಡಿ ಒತ್ತುವುದರಿಂದ ಶಾಯಿ ವ್ಯರ್ಥವಾಗುತ್ತದೆ. ಆ ಶಾಯಿಯೆಲ್ಲ ಒಳಗಿನ ಹೀರುಮೆತ್ತೆಗೆ ಸೇರಿ, ಅದು ತುಂಬಿತೆಂದು ಯಂತ್ರ ಒಂದು ದಿನ ತಾನಾಗಿಯೇ ನಿಂತುಬಿಡಬಹುದು. ಆಗಲೂ ಗೆರೆ ಉಳಿದರೆ ಪ್ಲಗ್ ಕಿತ್ತು, ನೂಲು ಬಿಡದ ಬಟ್ಟೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತುಸುವೇ ತೋಯಿಸಿ ಹೆಡ್‌ನ ಕೆಳಗೆ ಕೆಲವು ಗಂಟೆ ಇಡಬೇಕು. ನಮ್ಮ ಕಡೆಯ ಬೋರಿನ ಸವಳು ನೀರು ಕೂಡದು, ಅದರ ಲವಣವೇ ರಂಧ್ರದಲ್ಲಿ ಕೂಡುತ್ತದೆ. ಸೂಜಿಯನ್ನಂತೂ ತಾಗಿಸಲೇಬಾರದು. ವಿದ್ಯುತ್ ಸಂಪರ್ಕದ ಭಾಗಗಳಿಗೆ ತೇವ ತಗುಲಬಾರದು. ನಾನು ಎರಡು ರಾತ್ರಿ ಹೀಗೆ ಮಾಡಿದೆ. ಕಪ್ಪು ಪೂರ್ತಿ ಮರಳಿತು. ಹಳದಿಯಲ್ಲಿ ಇಂದಿಗೂ ಒಂದು ಗೆರೆ ತಪ್ಪುತ್ತದೆ, ಆದರೆ ಅರ್ಜಿಗೂ ಪಹಣಿಗೂ ಹಳದಿ ಬೇಕಿಲ್ಲ.

ಈ ಅನುಭವದಿಂದ ಎದ್ದ ಪ್ರಶ್ನೆ ಬೇರೆ. ಮೂರು ಹಿಡಿ ಬಟ್ಟೆ, ಒಂದು ಲೋಟ ನೀರಿನಿಂದ ಬದುಕುವ ಯಂತ್ರವನ್ನು ಸತ್ತಿತೆಂದು ಸಾರುವ ವ್ಯವಸ್ಥೆ ಹೇಗೆ ಬೆಳೆಯಿತು? ನಾನು ನೌಕರಿಗೆ ಸೇರಿದ ಕಾಲದಲ್ಲಿ ಕಚೇರಿಯ ಟೈಪ್‌ರೈಟರಿನ ಅಕ್ಷರಗಳಲ್ಲಿ ಮಸಿ ತುಂಬಿದರೆ ಜವಾನನೇ ಬ್ರಷ್ ಹಿಡಿದು ತೆಗೆಯುತ್ತಿದ್ದ. ಸೈಕ್ಲೋಸ್ಟೈಲ್ ಯಂತ್ರವನ್ನು ಒರೆಸಿ ಇಡುವುದು ದಿನದ ಕೆಲಸವಾಗಿತ್ತು. ಯಂತ್ರದ ಜೊತೆಗೆ ಅದನ್ನು ಕಾಪಾಡುವ ತಿಳಿವಳಿಕೆಯೂ ಕಚೇರಿಗೆ ಬರುತ್ತಿತ್ತು. ಇಂದು ಯಂತ್ರ ಬರುತ್ತದೆ, ತಿಳಿವಳಿಕೆ ಬರುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ವಿವರಣೆಯಿದೆ. ರೇಜರನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡುವ ವ್ಯಾಪಾರದಂತೆಯೇ ಪ್ರಿಂಟರಿನ ಬೆಲೆ ಇಳಿಸಿ ಶಾಯಿಯಲ್ಲಿ ಗಳಿಸುವುದು ಈ ಉದ್ಯಮದ ಹಳೆಯ ಮಾರ್ಗ. ಕೊಳ್ಳುವಾಗ ಗ್ರಾಹಕನಿಗೆ ಕಾಣುವುದು ಯಂತ್ರದ ಬೆಲೆ ಮಾತ್ರ. ಒಂದು ಪುಟಕ್ಕೆ ತಗಲುವ ವೆಚ್ಚ, ಹೆಡ್‌ನ ಬೆಲೆ, ಅದು ಎಷ್ಟು ವರ್ಷ ಸಿಗುತ್ತದೆ ಎಂಬುದು ಮಾರುವವನಿಗಷ್ಟೇ ಗೊತ್ತು. ಮಾಹಿತಿಯ ಇಂತಹ ಅಸಮಾನತೆ ಮಾರುಕಟ್ಟೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. 2001ರಲ್ಲಿ ಅವರು ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಗ್ರಾಹಕರು ಒತ್ತಡ ತಂದರೆ ತಯಾರಕರು ಬದಲಾಗುತ್ತಾರೆ ಎಂಬುದಕ್ಕೂ ಇಲ್ಲಿಯೇ ನಿದರ್ಶನವಿದೆ. ಇಂಡೋನೇಷ್ಯಾದಲ್ಲಿ ಜನರು ಪ್ರಿಂಟರುಗಳಿಗೆ ತಾವೇ ಕೊಳವೆ ಜೋಡಿಸಿ ಹೊರಗಿನ ಬಾಟಲಿಯ ಅಗ್ಗದ ಶಾಯಿ ಹರಿಸತೊಡಗಿದ್ದರು. ಎಪ್ಸನ್ ಸಂಸ್ಥೆ 2010ರಲ್ಲಿ ಆ ದೇಶದಲ್ಲಿಯೇ ತನ್ನ ಶಾಯಿ ತೊಟ್ಟಿಯ ಪ್ರಿಂಟರನ್ನು ಮೊದಲು ಬಿಡುಗಡೆ ಮಾಡಿತು. ಈಗ ಭಾರತದ ಅನೇಕ ಮನೆಗಳಲ್ಲಿ ಇರುವುದು ಆ ಬಗೆಯ ಯಂತ್ರಗಳೇ. ಶಾಯಿ ಅಗ್ಗವಾಯಿತು ನಿಜ. ಆದರೆ ಹೆಡ್ ಇರುವ ಕಾರ್ಟ್ರಿಡ್ಜ್ ಬದಲಿಸಿದರೆ ಹೊಸ ಹೆಡ್ ಬರುತ್ತಿತ್ತು. ತೊಟ್ಟಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಹೆಡ್ ಯಂತ್ರದಲ್ಲಿಯೇ ಉಳಿಯುತ್ತದೆ. ಹೀಗಾಗಿ ಅದರ ಆರೈಕೆ ಮೊದಲಿಗಿಂತ ಮುಖ್ಯವಾಗಿದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಜಾಲತಾಣವನ್ನು ಆರಂಭಿಸಿತು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಾಗಿವೆ. ಪ್ರಿಂಟರು, ಕಾರ್ಟ್ರಿಡ್ಜುಗಳೂ ಅವುಗಳ ವ್ಯಾಪ್ತಿಯಲ್ಲಿವೆ. ಫ್ರಾನ್ಸ್ 2021ರಿಂದ ಕೆಲವು ಉಪಕರಣಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬ ಅಂಕವನ್ನು ಹತ್ತಕ್ಕೆ ಇಷ್ಟೆಂದು ನಮೂದಿಸುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಇಂತಹ ಅಂಕಪದ್ಧತಿ ರೂಪಿಸುವಾಗ ಪ್ರಿಂಟರನ್ನು ಮರೆಯಬಾರದು. ಡಬ್ಬಿಯ ಮೇಲೆ ಪುಟವೊಂದರ ವೆಚ್ಚ, ಹೆಡ್‌ನ ಬೆಲೆ, ಬಿಡಿಭಾಗ ಸಿಗುವ ವರ್ಷಗಳು ಅಚ್ಚಾಗಿರಬೇಕು. ಹೀರುಮೆತ್ತೆಯನ್ನು ಬಳಕೆದಾರನೇ ಬದಲಿಸುವಂತಿರಬೇಕು. ಕೆಲವು ಮಾದರಿಗಳಲ್ಲಿ ಅದು ಈಗಾಗಲೇ ಸಾಧ್ಯವಾಗಿದೆ. ಗೋಡೆಯ ಸ್ವಿಚ್ ಆರಿಸುವ ಮುನ್ನ ಯಂತ್ರದ ಗುಂಡಿ ಒತ್ತಬೇಕೆಂಬ ಒಂದು ಸಾಲು ಕನ್ನಡದಲ್ಲಿ ಯಂತ್ರದ ಮೇಲೆಯೇ ಇದ್ದರೆ ಎಷ್ಟೋ ಹೆಡ್‌ಗಳು ಉಳಿದಾವು.

ಸರ್ಕಾರದ ಕೈಯಲ್ಲಿ ಇನ್ನೂ ದೊಡ್ಡ ಅಸ್ತ್ರವಿದೆ. ಗ್ರಾಮ ಪಂಚಾಯಿತಿಯಿಂದ ಶಾಲೆಯವರೆಗೆ ಪ್ರಿಂಟರು ಕೊಳ್ಳುವ ದೊಡ್ಡ ಗಿರಾಕಿ ಸರ್ಕಾರವೇ. ಕನಿಷ್ಠ ದರದವರಿಗೆ ಟಿಕ್ ಹಾಕಿದ ತುಲನಾ ಪಟ್ಟಿಗಳಿಗೆ ನಾನೂ ಸಹಿ ಮಾಡಿದ್ದೇನೆ. ಐದು ವರ್ಷದ ಶಾಯಿ, ಬಿಡಿಭಾಗಗಳ ವೆಚ್ಚವನ್ನು ಕೂಡಿಸಿ ಹೋಲಿಸಬೇಕೆಂದು ಒಮ್ಮೆಯೂ ಟಿಪ್ಪಣಿ ಬರೆಯಲಿಲ್ಲ. ಬರೆಯಬೇಕಿತ್ತು. ಇಂದು ಆ ಕುರ್ಚಿಯಲ್ಲಿ ಕುಳಿತಿರುವವರು ಬರೆದರೆ ತಯಾರಕರು ಕಿವಿಗೊಡದೆ ಇರಲಾರರು.

ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸ ಚಿಕ್ಕದು. ವಾರಕ್ಕೊಮ್ಮೆ ಬಣ್ಣದ ಒಂದು ಪುಟವನ್ನು ಮುದ್ರಿಸುವುದು. ನಮ್ಮ ಮನೆಯಲ್ಲಿ ಭಾನುವಾರ ಈ ಕೆಲಸ ನಡೆಯುತ್ತದೆ. ನೆರೆಯ ಹುಡುಗಿಯ ಮುಂದಿನ ಅರ್ಜಿ ಇಲ್ಲಿಯೇ ಮುದ್ರಣವಾಯಿತು, ಖಾತೆ ಸಂಖ್ಯೆಯ ಒಂದು ಅಂಕಿಯೂ ತಪ್ಪಿರಲಿಲ್ಲ.